ಬೆಳ್ಳಿತೆರೆಯ ಬಖೈರುಗಾರರು

1931ನೆಯ ಇಸವಿಯ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದ ಮುಂದೆ ಜನ ಕಿಕ್ಕಿರಿದು, ಅವರನ್ನು ಹದ್ದಿನಲ್ಲಿಡಲು ಪೊಲೀಸರನ್ನು ಕರೆಸಬೇಕಾಯಿತು. ಅಂದು ಅಲ್ಲಿ ತೆರೆಗೆ ಬಂದದ್ದು ಅರ್ದೇಶಿರ್ ಇರಾನಿಯವರ 'ಆಲಂ ಆರಾ'. ಭಾರತದ ಮೊದಲ ವಾಕ್ಚಿತ್ರ. ಜುಬೇದಾ, ಮಾಸ್ಟರ್ ವಿಠ್ಠಲ್, ಪೃಥ್ವಿರಾಜ್ ಕಪೂರರು ಅದರಲ್ಲಿ ಪಾತ್ರ ವಹಿಸಿದ್ದರು. ಏಳು ಹಾಡುಗಳಿದ್ದವು. ಇಷ್ಟನ್ನೂ ಇಂದು ಯಾರು ಬೇಕಾದರೂ ನಿಸ್ಸಂದೇಹವಾಗಿ ಹೇಳಬಲ್ಲರು. ಆದರೆ ಆ ಚಿತ್ರವನ್ನು ಇಂದು ಯಾರೂ ನೋಡಲಾರರು. ಅದರ ಒಂದು ಪ್ರತಿಯೂ ಉಳಿದಿಲ್ಲ.

ಕಣ್ಣಿಗೆ ಕಾಣದ ಚಿತ್ರದ ವಿಷಯ ಇಷ್ಟು ಖಚಿತವಾಗಿ ತಿಳಿದದ್ದು ಹೇಗೆ? ಕಾಗದದಿಂದ. ಅಂದಿನ ವೃತ್ತಪತ್ರಿಕೆಯ ಜಾಹೀರಾತು, ವರದಿಗಾರನ ನಾಲ್ಕು ಸಾಲು, ಚಿತ್ರಮಂದಿರದ ಬಾಗಿಲಲ್ಲಿ ಬಿಡಿಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ, ಒಂದಿಷ್ಟು ಸ್ಥಿರಚಿತ್ರ. ಇವುಗಳ ಮೇಲೆಯೇ ಹಿಂದಿ ಚಲಚ್ಚಿತ್ರದ ಪೂರ್ವಚರಿತ್ರೆ ನಿಂತಿದೆ. ಕನ್ನಡದ ಕಥೆಯೂ ಬೇರೆಯಲ್ಲ. 1934ರಲ್ಲಿ ಬಂದ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿಯೂ ಇಲ್ಲವಾಗಿದೆ. ನಟರ ಹೆಸರು ಮನೆಮಾತಾಗುತ್ತದೆ. ನಟರ ಹೆಸರನ್ನು ಬರೆದಿಟ್ಟವನ ಹೆಸರು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಆತನ ವೃತ್ತಿಯೇ ಅಂಥದು.

ಆದರೂ ಒಬ್ಬ ಪತ್ರಕರ್ತ ಈ ಮಾತಿಗೆ ಅಪವಾದ. ಬಾಬುರಾವ್ ಪಟೇಲರು 1935ರ ಏಪ್ರಿಲಿನಲ್ಲಿ ಮುಂಬಯಿಯಿಂದ 'ಫಿಲ್ಮ್‌ಇಂಡಿಯಾ' ಎಂಬ ಇಂಗ್ಲಿಷ್ ಮಾಸಿಕವನ್ನು ಹೊರಡಿಸಿದಾಗ ಅವರಿಗೆ ಮೂವತ್ತೊಂದು ವರ್ಷ. ಮುಂದಿನ ಕಾಲು ಶತಮಾನ ಹಿಂದಿ ಚಿತ್ರರಂಗದಲ್ಲಿ ಅವರ ಲೇಖನಿಗೆ ಹೆದರದ ನಿರ್ಮಾಪಕರಿರಲಿಲ್ಲವೆಂದರೆ ಸಲ್ಲುತ್ತದೆ. ಮೆಚ್ಚಿದ್ದನ್ನು ಮುಗಿಲಿಗೇರಿಸುವುದು, ಮೆಚ್ಚದ್ದನ್ನು ಮಣ್ಣುಪಾಲು ಮಾಡುವುದು ಅವರ ರೀತಿ. ನಡುವಣ ದಾರಿಯನ್ನು ಅವರು ತುಳಿದವರೇ ಅಲ್ಲ. ವಿಮರ್ಶೆಗಿಂತಲೂ ಜನರನ್ನು ಸೆಳೆದದ್ದು ಓದುಗರ ಪ್ರಶ್ನೆಗಳಿಗೆ ಅವರು ಕೊಡುತ್ತಿದ್ದ ಉತ್ತರಗಳು. ಊರೂರುಗಳಿಂದ ಬಂದ ಪ್ರಶ್ನೆಗೆ ಸಂಪಾದಕರೇ ಒಂದೆರಡು ಸಾಲಿನಲ್ಲಿ ಚುರುಕು ಮುಟ್ಟಿಸುತ್ತಿದ್ದರು. ಬೈಗುಳವಾದರೂ ಸರಿ, ಪಟೇಲರ ಕೈಯಿಂದ ಒಂದು ಸಾಲು ಬೀಳಲೆಂದು ಬಯಸಿದವರು ಎಷ್ಟೋ ಮಂದಿ.

ಆ ಪತ್ರಿಕೆಯ ವೈಭವದಲ್ಲಿ ಕನ್ನಡನಾಡಿನ ಪಾಲೂ ಇತ್ತು. ಅದರ ಹೊದಿಕೆಗಳಿಗೆ ವರ್ಣಚಿತ್ರ ಬರೆದುಕೊಟ್ಟವರಲ್ಲಿ ಎಸ್. ಎಂ. ಪಂಡಿತರು ಪ್ರಮುಖರು, 1916ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿದವರು. ತಾರೆಯರ ಮುಖಕ್ಕೆ ಅವರ ಕುಂಚ ಕೊಟ್ಟ ಕಾಂತಿಯನ್ನು ಆ ಕಾಲದ ಕ್ಯಾಮೆರಾ ಕೊಡಲಾರದಾಗಿತ್ತು. ಛಾಯಾಗ್ರಾಹಕರು ಈ ಮಾತನ್ನು ಒಪ್ಪದಿದ್ದರೆ ಆ ಹೊದಿಕೆಗಳನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ.

ಪಟೇಲರು ನಿಷ್ಪಕ್ಷಪಾತಿಗಳೆಂದು ಅವರ ಅಭಿಮಾನಿಗಳೂ ಹೇಳಲಾರರು. ಪತ್ನಿ ಸುಶೀಲಾರಾಣಿಯವರನ್ನು ನಾಯಿಕೆಯಾಗಿಸಿ 'ದ್ರೌಪದಿ' (1944), 'ಗ್ವಾಲನ್' (1946) ಎಂಬ ಎರಡು ಚಿತ್ರಗಳನ್ನು ಸ್ವತಃ ತೆಗೆದರು; ಎರಡೂ ಕೈಹಿಡಿಯಲಿಲ್ಲ. ಊರಿನವರ ಅಡಿಗೆಯಲ್ಲೆಲ್ಲ ಉಪ್ಪು ಹುಡುಕುತ್ತಿದ್ದವರ ಮನೆಯ ಊಟಕ್ಕೆ ಹೋದವರು ಸುಮ್ಮನಿರುವರೇ! ಮುಂದೆ ಅವರ ಒಲವು ರಾಜಕೀಯದತ್ತ ಹೊರಳಿತು. 1960ರ ದಶಕದ ಆರಂಭಕ್ಕೆ 'ಫಿಲ್ಮ್‌ಇಂಡಿಯಾ' ಹೋಗಿ 'ಮದರ್ ಇಂಡಿಯಾ' ಬಂತು. 1967ರಲ್ಲಿ ಅವರು ಲೋಕಸಭೆಯನ್ನೂ ಪ್ರವೇಶಿಸಿದರು. 1982ರಲ್ಲಿ ತೀರಿಕೊಂಡರು. ಚರಿತ್ರೆ ಬರೆಯುತ್ತೇನೆಂದು ಅವರು ಕುಳಿತವರಲ್ಲ. ತಿಂಗಳು ತಿಂಗಳೂ ಜಗಳ ಬರೆದರು. ಅಚ್ಚರಿಯೆಂದರೆ ಆ ಜಗಳವೇ ಇಂದು ಚರಿತ್ರೆಕಾರನ ಬಂಡವಾಳ. ಯಾವ ಚಿತ್ರ ಯಾವ ವಾರ ಬಂತು, ಜನ ಏನೆಂದರು, ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದೆಲ್ಲ ಅಲ್ಲಿ ಬಿಸಿಬಿಸಿಯಾಗಿ ಸಿಕ್ಕುತ್ತದೆ. ಸಮಾಧಾನದಿಂದ ಬರೆದ ಎಷ್ಟೋ ಪತ್ರಿಕೆಗಳನ್ನು ಇಂದು ಯಾರೂ ತಿರುವಿ ನೋಡುವುದಿಲ್ಲ.

ಜಗಳದ ನಂತರ ಲೆಕ್ಕ. ಮುಂಬಯಿಯ ಚಿತ್ರಪತ್ರಕರ್ತ ಫಿರೋಜ್ ರಂಗೂನ್‌ವಾಲಾ 1970ರಲ್ಲಿ ಒಂದು ದಪ್ಪ ಗ್ರಂಥವನ್ನು ಪ್ರಕಟಿಸಿದರು. 1897ರಿಂದ 1969ರ ವರೆಗಿನ ಮೂಕಿಚಿತ್ರಗಳ ಹಾಗೂ ಹಿಂದಿ ಚಿತ್ರಗಳ ಪಟ್ಟಿ. ಅದನ್ನು ಓದುವುದೆಂದರೆ ಪಂಚಾಂಗ ಓದಿದಂತೆ, ರಸವಿಲ್ಲ. ಆದರೆ ಪಂಚಾಂಗವಿಲ್ಲದೆ ಹಬ್ಬ ಗೊತ್ತಾಗುವುದೂ ಇಲ್ಲ.

ಹಾಡುಗಳ ಪಂಚಾಂಗವನ್ನು ಬರೆದವರು ಕಾನ್ಪುರದ ಹರ್‌ಮಂದಿರ್ ಸಿಂಗ್ 'ಹಮ್‌ರಾಜ್'. ಅವರ 'ಹಿಂದೀ ಫಿಲ್ಮ್ ಗೀತ್ ಕೋಶ್' ದಶಕಕ್ಕೊಂದು ಸಂಪುಟದಂತೆ ಹೊರಟಿತು. ಮೊದಲು ಬಂದದ್ದು ಮೂರನೆಯ ಸಂಪುಟ, 1980ರಲ್ಲಿ. ಮೊದಲನೆಯ ಸಂಪುಟ ಹೊರಬರಲು 1988 ಆಗಬೇಕಾಯಿತು. ಹಿಂದೆ ಹಿಂದೆ ಹೋದಷ್ಟೂ ಸಾಮಗ್ರಿ ಅಪರೂಪ. ಕ್ರಮ ತಪ್ಪಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಚಿತ್ರದ ಹೆಸರು, ಹಾಡಿನ ಮೊದಲ ಸಾಲು, ಕವಿ, ಸಂಗೀತ ನಿರ್ದೇಶಕ, ಹಾಡಿದವರು, ಗ್ರಾಮಫೋನ್ ತಟ್ಟೆಯ ಸಂಖ್ಯೆ. ಒಂದೊಂದು ಚಿತ್ರಕ್ಕೂ ಇಷ್ಟು ವಿವರ.

ಈ ಒಣ ಲೆಕ್ಕದಲ್ಲಿ ಏನಿದೆ ಎನ್ನುವವರು 1949ರ 'ಮಹಲ್' ಚಿತ್ರವನ್ನು ನೆನೆಯಬೇಕು. ಅದರ ಅತಿ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾಗಿದ್ದದ್ದು 'ಕಾಮಿನಿ' ಎಂದು. ಕಾಮಿನಿ ಚಿತ್ರದಲ್ಲಿನ ಪಾತ್ರದ ಹೆಸರು; ಹಾಡಿದ್ದವರು ಲತಾ ಮಂಗೇಶ್ಕರ್. ರೇಡಿಯೋದಲ್ಲಿ ಕೇಳಿದ ಜನ ಈ ಹಾಡಿದವರು ಯಾರೆಂದು ಪತ್ರ ಬರೆದು ಪೀಡಿಸಿದ ಮೇಲೆ ನಿಜವಾದ ಹೆಸರು ಹೊರಬಿತ್ತು. ಲತಾ ಮುಂದೆ ಮೇರುವಿನಂತೆ ಬೆಳೆದರು, ಅವರಿಗೆ ನಷ್ಟವಾಗಲಿಲ್ಲ. ಒಂದು ಹಾಡು ಹಾಡಿ ಮರೆಯಾದವರ ಪಾಡೇನು? ಅವರ ದುಡಿಮೆಗೆ ಈ ಒಣ ಪಟ್ಟಿಯ ಹೊರತು ಬೇರೆ ಸಾಕ್ಷಿ ಇಲ್ಲ.

ಕಾಗದವನ್ನು ಬಿಟ್ಟು ಚಿತ್ರದ ಸುರುಳಿಗಳನ್ನೇ ಕೂಡಿಡಲು ಹೊರಟವರು ತಿರುವನಂತಪುರದ ಪಿ. ಕೆ. ನಾಯರ್. ಅವರು ಮುಂಬಯಿಗೆ ಹೋದದ್ದು ನಿರ್ದೇಶಕರಾಗಲೆಂದು, ಆದದ್ದು ಭಂಡಾರಿ. 1961ರಲ್ಲಿ ಪುಣೆಯ ಚಲಚ್ಚಿತ್ರ ಶಿಕ್ಷಣ ಸಂಸ್ಥೆಯನ್ನು ಸೇರಿ, 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವನ್ನು ಬೆಳೆಸಿ, 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಹನ್ನೆರಡು ಸಾವಿರದಷ್ಟು ಚಿತ್ರಗಳನ್ನು ಕೂಡಿಸಿದ್ದರು. ಫಾಲ್ಕೆಯವರ 'ಕಾಲಿಯ ಮರ್ದನ' (1919) ಇಂದು ನೋಡಲು ಸಿಕ್ಕುವುದು ಅವರ ಪುಣ್ಯದಿಂದ. ಕತ್ತಲೆಯ ಪ್ರೇಕ್ಷಾಗೃಹದಲ್ಲಿ ಕುಳಿತು ಸುರುಳಿ ಸುರುಳಿಯ ವಿವರವನ್ನೂ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವರ ಅಭ್ಯಾಸ. ಒಳ್ಳೆಯ ಚಿತ್ರ ಕೆಟ್ಟ ಚಿತ್ರವೆಂಬ ಭೇದವನ್ನು ಮಾತ್ರ ಅವರು ಮಾಡಲಿಲ್ಲ. ಭಂಡಾರಿಯು ವಿಮರ್ಶಕನಾದರೆ ಭಂಡಾರ ಅರ್ಧ ಖಾಲಿಯಾದೀತೆಂಬುದು ಅವರಿಗೆ ಗೊತ್ತಿತ್ತು.

'ಆಲಂ ಆರಾ'ವನ್ನೂ ಅವರು ಅರಸಿ ಹೋಗಿದ್ದರು. ಮುದುಕ ಇರಾನಿಯವರು ಡಬ್ಬಿಗಳು ಎಲ್ಲಿಯೋ ಇವೆಯೆಂದರಂತೆ. ಆದರೆ ಸುರುಳಿಗಳು ಬೆಳ್ಳಿಗಾಗಿ ಎಂದೋ ಮಾರಾಟವಾಗಿದ್ದ ಸಂಗತಿಯನ್ನು ಮಗ ಗುಟ್ಟಾಗಿ ತಿಳಿಸಿದರೆಂದು ನಾಯರ್ ಹೇಳಿದ್ದುಂಟು. ಕಪ್ಪು ಬಿಳುಪು ಸುರುಳಿಯಲ್ಲಿ ಬೆಳ್ಳಿಯ ಅಂಶವಿರುತ್ತದೆ. ತೊಳೆದರೆ ಬೆಳ್ಳಿ ಕೈಗೆ ಬರುತ್ತದೆ, ಚಿತ್ರ ಹೋಗುತ್ತದೆ. 'ಬೆಳ್ಳಿತೆರೆ' ಎಂಬ ಮಾತಿಗೆ ಇಂಥದೊಂದು ಅರ್ಥ ಬರಬಾರದಾಗಿತ್ತು. ಹಳೆಯ ನೈಟ್ರೇಟ್ ಸುರುಳಿ ಬೆಂಕಿಗೂ ಬೇಗ ತುತ್ತು. 2003ರ ಜನವರಿಯಲ್ಲಿ ಪುಣೆಯಲ್ಲಿ ಅಂಥ ಸುರುಳಿಗಳಿದ್ದ ಕೋಠಿಗೆ ಬೆಂಕಿ ಬಿದ್ದು ಪೂರ್ವಕಾಲದ ಅನೇಕ ಚಿತ್ರಗಳು ಬೂದಿಯಾದವು.

ಈ ನಾಯರ್ ಅವರಿಗೂ ಶಿವಮೊಗ್ಗ ಜಿಲ್ಲೆಗೂ ಹಳೆಯ ನಂಟು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಸಂಸ್ಥೆಯೊಳಗೆ 1973ರಲ್ಲಿ ಚಿತ್ರಸಮಾಜವನ್ನು ತೆರೆದರು. ಅಡಕೆ ತೋಟದ ನಡುವಣ ಆ ಹಳ್ಳಿಗೆ ಪುಣೆಯಿಂದ ಚಿತ್ರದ ಡಬ್ಬಿಗಳು ಬಂದವು. 'ಪಥೇರ್ ಪಾಂಚಾಲಿ', 'ರಾಶೋಮನ್', 'ಬೈಸಿಕಲ್ ಥೀವ್ಸ್' ಚಿತ್ರಗಳನ್ನು ಬೇಸಾಯಗಾರರು ನೋಡಿ ಚರ್ಚಿಸಿದರು. 1979ರಿಂದ ಪ್ರೊಫೆಸರ್ ಸತೀಶ್ ಬಹಾದೂರರೂ ನಾಯರ್ ಅವರೂ ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳಿದರು. ಹಳ್ಳಿಗರಿಗೆ ಇವೆಲ್ಲ ಹತ್ತುವುದುಂಟೇ ಎಂದು ಮೂಗೆಳೆದವರು ಪಟ್ಟಣದವರು. ನೋಡಿದವರು ಎದ್ದು ಹೋಗಲಿಲ್ಲ. ಭಂಡಾರವೆಂದರೆ ಬೀಗ ಹಾಕಿದ ಕೋಣೆಯಲ್ಲವೆಂಬುದನ್ನು ಪುಣೆಯ ಭಂಡಾರಿ ಹೆಗ್ಗೋಡಿನಲ್ಲಿ ತೋರಿಸಿಕೊಟ್ಟರು. 2016ರಲ್ಲಿ ಅವರು ನಿಧನರಾದರು. ಅವರನ್ನು ಕುರಿತ 'ಸೆಲ್ಯುಲಾಯ್ಡ್ ಮ್ಯಾನ್' (2012) ಚಿತ್ರದಲ್ಲಿ ಹೆಗ್ಗೋಡಿನ ಪ್ರೇಕ್ಷಕರ ಮಾತೂ ಇದೆ.

ತೀರ್ಥಹಳ್ಳಿ ತಾಲ್ಲೂಕಿನಿಂದ ಪುಣೆಗೆ ಹೋಗಿ ಕಲಿತ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರದ ಮೂಲ ನೆಗೆಟಿವು ಅದೇ ಭಂಡಾರದಲ್ಲಿ ಉಳಿದಿತ್ತು. ಅದರಿಂದ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ತೆರೆಯನ್ನೇರಿತು. ಉಳಿಸಿದ್ದಕ್ಕೆ ಸಿಕ್ಕ ಫಲವಿದು.

ಹಿಂದಿ ಚಿತ್ರದ ಚರಿತ್ರೆಯೆಂದರೆ ಅದನ್ನು ತೆಗೆದ ಮುಂಬಯಿಯದು ಮಾತ್ರವೇ, ನೋಡಿದ ಊರುಗಳದೂ ಹೌದೇ ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ಭದ್ರಾವತಿಯನ್ನೇ ತೆಗೆದುಕೊಳ್ಳಬಹುದು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹತ್ತಿಕೊಂಡ ಮೇಲೆ ಕನ್ನಡದ ಜೊತೆಗೆ ತಮಿಳು, ತೆಲುಗು, ಮಲೆಯಾಳ, ಉರ್ದು ಮಾತನಾಡುವ ಕುಟುಂಬಗಳು ಒಂದೇ ಊರಲ್ಲಿ ನೆಲಸಿದವು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಪಾಳಿ ಮುಗಿಸಿದ ಕಾರ್ಮಿಕ ಯಾವ ಭಾಷೆಯವನಾದರೇನು, 1952ರಿಂದ ಸಿಲೋನ್ ರೇಡಿಯೋದಲ್ಲಿ ಅಮೀನ್ ಸಯಾನಿಯವರು ನಡೆಸಿದ 'ಬಿನಾಕಾ ಗೀತಮಾಲಾ' ಅವನಿಗೂ ಅಕ್ಕಪಕ್ಕದವನಿಗೂ ಒಂದೇ. ಹಿಂದಿ ಬಾರದಿದ್ದವರ ಬಾಯಲ್ಲೂ ಹಿಂದಿ ಹಾಡು ನೆಲಸಿದ ಈ ಬಗೆ ಯಾವ ಗೀತಕೋಶದಲ್ಲಿಯೂ ಇಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ 1980ರ ದಶಕದಲ್ಲಿ ವೃತ್ತಪತ್ರಿಕೆಗಳ ಕಾಗದವನ್ನೂ ತಯಾರಿಸುತ್ತಿತ್ತು. ಅದು ಉತ್ಪಾದನೆ ನಿಲ್ಲಿಸಿ ವರ್ಷಗಳೇ ಆದವು. ನಾಡಿಗೆ ಬರೆಯಲು ಕಾಗದ ಕೊಟ್ಟ ಊರು ತನ್ನ ಸಿನಿಮಾ ನೆನಪನ್ನು ಬರೆದಿಟ್ಟುಕೊಳ್ಳುವುದು ಹೆಚ್ಚಿನ ಕೆಲಸವೇನಲ್ಲ.

ಶಿವಮೊಗ್ಗದಲ್ಲಿ ಲಕ್ಷ್ಮೀ ಟಾಕೀಸ್ ವೃತ್ತವೆಂಬುದು ವಿಳಾಸವಾಗಿಯೇ ಹೋಗಿದೆ. ಒಂದೊಂದು ಟಾಕೀಸಿಗೂ ದಿನದ ವಸೂಲಿಯ ಪುಸ್ತಕವಿತ್ತು, ಗೋಡೆಗೆ ಅಂಟಿಸಿದ ಭಿತ್ತಿಪತ್ರವಿತ್ತು, ಜಟಕಾ ಬಂಡಿಯಲ್ಲಿ ತಮಟೆ ಬಡಿದು ಎಸೆಯುತ್ತಿದ್ದ ಕರಪತ್ರವಿತ್ತು. ಯಾವ ಚಿತ್ರ ಎಷ್ಟು ವಾರ ಓಡಿತು, ಯಾವುದು ಶನಿವಾರಕ್ಕೇ ಗಂಟು ಕಟ್ಟಿತು ಎಂಬ ನಿಜ ಆ ವಸೂಲಿ ಪುಸ್ತಕದಲ್ಲಿದೆ. ವಿಮರ್ಶಕರ ಅಭಿಪ್ರಾಯಕ್ಕಿಂತ ಅದು ನಂಬತಕ್ಕದ್ದು. ಟಾಕೀಸು ಬಿದ್ದು ವಾಣಿಜ್ಯ ಸಂಕೀರ್ಣ ಏಳುವಾಗ ಈ ಪುಸ್ತಕಗಳು ತೂಕಕ್ಕೆ ಹೋಗುತ್ತವೆ. ಪ್ರೊಜೆಕ್ಟರು ನಡೆಸಿದವರು, ಗೇಟಿನಲ್ಲಿ ಟಿಕೆಟು ಹರಿದವರು ಕೆಲವರು ಇನ್ನೂ ಇದ್ದಾರೆ. ಅವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ಕಾಲೇಜಿನ ಹುಡುಗರು ಒಂದು ನೋಟ್ ಪುಸ್ತಕ ಹಿಡಿದು ಅವರ ಜಗಲಿಯ ಮೇಲೆ ನಾಲ್ಕು ಸಂಜೆ ಕುಳಿತರೆ ಸಾಕು. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿಕೊಡಲು ಮನೆಯವರು ಸಂತೋಷದಿಂದಲೇ ಒಪ್ಪುತ್ತಾರೆ.