ಎಂ.ಕಾಂ. ಓದಿದವನಿಗೆ ಆಚಾರಿ ಕೆಲಸವೇ?

ಮುಂಬಯಿಯಲ್ಲಿ ನಿವೃತ್ತನಾದ ಕನ್ನಡಿಗನಿಗೆ ಊರಿನವರು ಮೂರು ಕೆಲಸ ಗೊತ್ತುಮಾಡಿ ಇಟ್ಟಿರುತ್ತಾರೆ. ಮೊಮ್ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸುವುದು, ಮಾಟುಂಗದ ಸಂಘಗಳ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನ ಕುರ್ಚಿ ತುಂಬುವುದು, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚೆಕ್ಕು ಬರೆಯುವುದು. ಇವಕ್ಕೆ ನನ್ನ ತಕರಾರಿಲ್ಲ. ನಾಲ್ಕನೆಯದೊಂದನ್ನು ಹಿಡಿದರೆ ತಕರಾರು ಅವರದು. ನಾನು ಮುಲುಂಡಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಣ್ಣ ಲೇತು ಇಟ್ಟುಕೊಂಡು ಮರದ ಪೆನ್ನು ಕಡೆಯುತ್ತೇನೆಂದು ತಿಳಿದಾಗ ಊರಿಂದ ಬಂದ ಮಾತು: "ಎಂತದು ಮಾರಾಯ್ರೆ, ಎಂ.ಕಾಂ. ಮಾಡಿ ಆಚಾರಿ ಕೆಲಸವಾ? ಪೆನ್ಶನ್ ಸಾಕಾಗುದಿಲ್ವಾ?"

ಕೈಯಲ್ಲಿ ಮಾಡುವ ಕೆಲಸಕ್ಕೆ ಒಂದೋ ಜಾತಿ ಕಾರಣ, ಇಲ್ಲವೇ ಬಡತನ. ಮೂರನೆಯ ಕಾರಣ ಇರಲಿಕ್ಕೇ ಸಾಧ್ಯವಿಲ್ಲ ಎಂಬುದು ಈ ಮಾತಿನ ಅರ್ಥ. ನಾನು ವಿರೋಧಿಸುವುದು ಇದನ್ನೇ.

ಕೆಲಸವಾದರೂ ಎಂಥದ್ದು? ಬೆರಳು ದಪ್ಪದ ಚೌಕ ಮರದ ತುಂಡನ್ನು ಎರಡು ಭಾಗ ಮಾಡಿ, ಪ್ರತಿಯೊಂದರ ನಡುವೆ 7 ಮಿಲಿಮೀಟರ್ ತೂತು ಕೊರೆಯಬೇಕು. ತೂತು ಓರೆಯಾಯಿತೋ, ಮರ ಹೋಯಿತು. ಅದರೊಳಗೆ ಹಿತ್ತಾಳೆಯ ನಳಿಗೆ ಅಂಟಿಸಿ, ತುದಿಗಳನ್ನು ನೇರ ಮಾಡಿ, ಉಕ್ಕಿನ ಸರಳಿಗೆ ಪೋಣಿಸಿ ಲೇತಿಗೇರಿಸಬೇಕು. ಉಳಿಯನ್ನು ಒತ್ತಬಾರದು, ತಾಗಿಸಬೇಕು ಅಷ್ಟೆ. ಸರಿಯಾಗಿ ತಾಗಿದರೆ ಮರ ರಿಬ್ಬನ್ನಿನ ಹಾಗೆ ಸುರುಳಿಯಾಗಿ ಬರುತ್ತದೆ. ಇಲ್ಲವಾದರೆ ಚಕ್ಕೆ ಎದ್ದು ಹಾರುತ್ತದೆ. ಆಮೇಲೆ ಒರಟಿನಿಂದ ನಯದವರೆಗೆ ನಾಲ್ಕೈದು ಬಗೆಯ ಸ್ಯಾಂಡ್ ಪೇಪರ್, ಮೇಲೆ ಅರಗಿನ ಪಾಲಿಶ್. ಕೊನೆಗೆ ಮೊನೆ, ತಿರುಗಿಸುವ ಕೀಲು, ಕ್ಲಿಪ್ಪು ಒತ್ತಿ ಕೂರಿಸುವುದು. ಉಳಿ ಹರಿತ ಮಾಡಲು ಕಲಿಯಲಿಕ್ಕೇ ನನಗೆ ನಾಲ್ಕು ತಿಂಗಳು ಬೇಕಾಯಿತು. ಸಾಮಾನೆಲ್ಲ ನಾಗ್‌ದೇವಿ ಸ್ಟ್ರೀಟಿನದು. ಅಲ್ಲಿನ ಅಂಗಡಿಯವರು ಒಬ್ಬರೂ ನನ್ನ ಡಿಗ್ರಿ ಕೇಳಲಿಲ್ಲ.

ಬೇಲೂರಿನ ಗುಡಿಯಲ್ಲಿ ತಿರುಗಿಸಿ ಕಡೆದ ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ನಾವೇ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇತಿನಲ್ಲಿ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ಉಜ್ಜಾಟದ ಬಿಸಿಗೇ ಅದನ್ನು ಕರಗಿಸಿ ಬಳಿಯುತ್ತಾರೆ. ಆ ಗೊಂಬೆ ನಮ್ಮ ಷೋಕೇಸಿನಲ್ಲಿರುತ್ತದೆ. ಕಡೆಯುವ ವಿದ್ಯೆ ಮಾತ್ರ ಮನೆಯೊಳಗೆ ಬರಕೂಡದು. ಐಟಿಐಯಲ್ಲಿ ಟರ್ನರ್ ತರಬೇತಿ ಎರಡು ವರ್ಷದ್ದು. ಅದು ಪಿಯುಸಿ ಫೇಲಾದವನಿಗೆ ಎಂದು ತೀರ್ಮಾನಿಸಿದವರು ಯಾರು? ರಾಜಮಹೇಂದ್ರಿಯ ರತ್ನಂ ಅವರು ಲೇತಿನಲ್ಲಿ ಕಡೆದ ಸ್ವದೇಶಿ ಪೆನ್ನಿನಲ್ಲಿ ಬರೆದು, ಮೆಚ್ಚಿ, ಗಾಂಧೀಜಿ 1935ರಲ್ಲಿ ಅವರಿಗೆ ಪತ್ರ ಕಳಿಸಿದರು. ನಮ್ಮಲ್ಲಾದರೆ ಮೊದಲು "ಯಾವ ಜನ?" ಎಂದು ಕೇಳುತ್ತಿದ್ದರು.

ಇದರ ಬೇರು ಮುಂಬಯಿಯಲ್ಲೂ ಇದೆ, ಬಲ್ಲೆ. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ತಲೆಮಾರಿಗೆ ಪೆನ್ನು ಹಿಡಿಯುವ ನೌಕರಿಯೇ ಬಿಡುಗಡೆಯಾಗಿತ್ತು. ಆ ಬಿಡುಗಡೆಗೆ ನನ್ನ ನಮಸ್ಕಾರ. ಆದರೆ ಆ ಕಷ್ಟ ಕಾಣದ ನಮ್ಮಂಥವರು ಅದನ್ನೇ ಅಂತಸ್ತು ಮಾಡಿಕೊಂಡೆವು. ಮೂವತ್ತಾರು ವರ್ಷ ವೋಚರುಗಳಿಗೆ ಸಹಿ ಹಾಕಿದೆ; ಅವೆಲ್ಲ ರದ್ದಿಗೆ ಹೋಗಿವೆ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಶನ್ 2020ರಲ್ಲಿ ವಿಲೀನವಾಗಿ, ಕರಾವಳಿಯವರು ಎದೆತಟ್ಟಿ ಹೇಳುತ್ತಿದ್ದ ಆ ಬೋರ್ಡುಗಳೂ ಇಳಿದವು. ಹೀಗಿರುವಾಗ ಬೆಳಿಗ್ಗೆ ಹತ್ತಕ್ಕೆ ಕೂತು ಹನ್ನೆರಡಕ್ಕೆ ಒಂದು ವಸ್ತುವನ್ನು ಮುಗಿಸಿ ಅಂಗೈಯಲ್ಲಿಟ್ಟು ನೋಡುವ ಸುಖ ಕೀಳು ಹೇಗಾದೀತು?

ಫ್ಲ್ಯಾಟಿನಲ್ಲಿ ಇದಾಗುತ್ತದೆಯೇ ಎಂದು ಕೇಳಿ, ಅದು ಯೋಗ್ಯ ಪ್ರಶ್ನೆ. ಲೇತಿನ ಸದ್ದು ಮಿಕ್ಸಿಗಿಂತ ಕಡಿಮೆ. ಆದರೂ ಮಧ್ಯಾಹ್ನ ಎರಡರಿಂದ ನಾಲ್ಕು ನಾನು ಅದನ್ನು ಮುಟ್ಟುವುದಿಲ್ಲ, ಕೆಳಗಿನ ಮನೆಯವರು ಮಲಗುವ ಹೊತ್ತು. ಧೂಳು ನಿಜಕ್ಕೂ ಕೆಟ್ಟದ್ದು. ಬೀಟೆ ಮರದ್ದಂತೂ ಕೆಲವರಿಗೆ ಮೈ ತುರಿಸುತ್ತದೆ. ಮಾಸ್ಕು, ಕನ್ನಡಕ ಇಲ್ಲದೆ ಕೂರಬಾರದು. ತೋಳು ಸಡಿಲವಾದ ಜುಬ್ಬಾ, ಕೊರಳ ಶಾಲು, ಕೈಗವಸು ಯಾವುದೂ ಬೇಡ. ತಿರುಗುವ ಮರ ಸೆಳೆದುಕೊಂಡರೆ ಬಿಡುವುದಿಲ್ಲ.

ಪೆನ್ಶನ್ ಸಾಕಾಗುತ್ತದೆ. ಮೊನ್ನೆ ಊರಿನ ಮದುವೆಯಲ್ಲಿ ಒಬ್ಬರು ನನ್ನ ಜೇಬಿನ ಪೆನ್ನು ತೆಗೆದು ತಿರುವಿ ತಿರುವಿ ನೋಡಿ "ಫಾರಿನ್ನಾ?" ಅಂದರು. ನಿಮ್ಮದೇ ಹಿತ್ತಲಿನಂಥ ಹಿತ್ತಲಿನ ಹಲಸು, ಕಡೆದವನು ನಾನು, ಅಂದೆ. ಪೆನ್ನು ವಾಪಸು ಕೊಟ್ಟು ಊಟದ ಪಂಕ್ತಿಯ ಕಡೆ ನಡೆದರು.