ಸಾಬೂನಿನ ಅಂಚು ಹೆರೆಯುವುದು ಶೋಕಿಯಲ್ಲ



ಮನೆಯ ತೆಂಗಿನೆಣ್ಣೆಯಿಂದ ಸಾಬೂನು ಮಾಡುವುದು ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯವರಿಗೆ ಹೊಸದೇನಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಇದನ್ನು ಜನರಿಗೆ ಕಲಿಸುತ್ತ ಬಂದಿದೆ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮಹಿಳಾ ಘಟಕಗಳಲ್ಲೂ ಸಾಬೂನು ಮಾಡುವವರಿದ್ದಾರೆ. ಕೊಬ್ಬರಿಯ ಬೆಲೆ ಇಳಿದ ವರ್ಷ ಎಣ್ಣೆಗೆ ಇದೊಂದು ದಾರಿ.

ಆದರೆ ಮಾಡಿದ ಸಾಬೂನು ಮಾರಾಟವಾಗಬೇಕಲ್ಲ! ಅಚ್ಚಿನಿಂದ ತೆಗೆದು ತುಂಡರಿಸಿದ ಬಿಲ್ಲೆಯ ಅಂಚು ಕತ್ತಿಯ ಬಾಯಿಯಂತೆ ಹಾಗೆಯೇ ಉಳಿದಿರುತ್ತದೆ. 'ನಮ್ಮವರು' ಎಂಬ ಅಭಿಮಾನದಿಂದ ಒಮ್ಮೆ ಕೊಂಡವರು ಮತ್ತೆ ಕೇಳುವುದಿಲ್ಲ. ಅಂಚನ್ನು ಓರೆಯಾಗಿ ಹೆರೆಯಿರಿ ಎಂದರೆ, 'ನೀರು ತಾಗಿದರೆ ತಾನೇ ಕರಗುತ್ತದೆ, ಆ ಶೋಕಿ ಯಾಕೆ?' ಎಂಬ ಉತ್ತರ ಬರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಮೊದಲನೆಯದಾಗಿ, ತೆಂಗಿನೆಣ್ಣೆಯ ಸಾಬೂನು ಬೇಗ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಒಡೆಯುವ ಸ್ವಭಾವದ್ದು. ಚೂಪಾದ ಅಂಚು ಡಬ್ಬದಲ್ಲಿ, ಬಸ್ಸಿನಲ್ಲಿ ತಾಗಿದಲ್ಲೆಲ್ಲ ಚೂರಾಗುತ್ತದೆ. ಓರೆಯಾದ ಅಂಚಿಗೆ ಆ ಭಯ ಕಡಿಮೆ. ಎರಡನೆಯದಾಗಿ, ಸಾಬೂನು ಗಟ್ಟಿಯಾಗುವಾಗ ಮೇಲ್ಮೈಯಲ್ಲಿ ಬಿಳಿಯ ಸೋಡಾ ಹುಡಿ ಕಾಣಿಸಿಕೊಳ್ಳುವುದುಂಟು. ಅಂಚಿನ ಹುಡಿ ಹೆರೆದಾಗ ಹೋಗುತ್ತದೆ. ಮೂರನೆಯದು ಆರೋಗ್ಯದ ವಿಷಯ. ಹೊಸ ಬಿಲ್ಲೆಯ ಅಂಚು ಮೊದಲು ಉಜ್ಜುವುದು ಮಗುವಿನ ಎಳೆಯ ಚರ್ಮವನ್ನು, ಅಜ್ಜಿಯ ತೆಳುವಾದ ಚರ್ಮವನ್ನು, ಅಡಿಕೆ ಸುಲಿದು ಬಿರುಕುಬಿಟ್ಟ ಕೈಯನ್ನು. ಅದು ತಾನೇ ಕರಗುವವರೆಗೆ ಅವರು ಏಕೆ ಕಾಯಬೇಕು?

ಕೆಲಸ ಕಷ್ಟದ್ದಲ್ಲ. ಸಾಬೂನು ತುಂಡರಿಸಿದ ಒಂದೆರಡು ದಿನಗಳೊಳಗೆ, ಪೂರಾ ಗಟ್ಟಿಯಾಗುವ ಮೊದಲು, ತರಕಾರಿ ಸಿಪ್ಪೆ ತೆಗೆಯುವ ಪೀಲರಿನಿಂದ ಅಂಚಿನುದ್ದಕ್ಕೂ ಹಗುರವಾಗಿ ಎಳೆದರಾಯಿತು. ಬಡಗಿಯ ಸಣ್ಣ ಕೀಸುಳಿಯೂ ಆಗುತ್ತದೆ. ಆ ಪೀಲರು ಮತ್ತೆ ಅಡುಗೆಮನೆಗೆ ಹೋಗಬಾರದು. ಹೊಸ ಸಾಬೂನಿನಲ್ಲಿ ಖಾರ ಉಳಿದಿರಬಹುದಾದ್ದರಿಂದ ಕೈಗವಸು ಬೇಕು. ಅನಂತರ ಬಿಲ್ಲೆಗಳನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ನಾಲ್ಕರಿಂದ ಆರು ವಾರ ಒಣಗಿಸಬೇಕು. ಹೆರೆದ ಚೂರುಗಳನ್ನು ಎಸೆಯದೆ ಅವನ್ನೂ ಅಷ್ಟೇ ದಿನ ಒಣಗಿಸಿದರೆ ಬಟ್ಟೆ ಒಗೆಯಲು ಬರುತ್ತವೆ.

'ತೂಕ ನಷ್ಟವಾಗುತ್ತದೆ' ಎಂಬವರು ಲೆಕ್ಕ ಹಾಕಲಿ. 8 ಸೆಂ.ಮೀ. ಉದ್ದ, 5 ಅಗಲ, ಎರಡೂವರೆ ದಪ್ಪದ ಬಿಲ್ಲೆಯ ಹನ್ನೆರಡು ಅಂಚುಗಳನ್ನೂ 2 ಮಿ.ಮೀ. ಓರೆ ಮಾಡಿದರೆ ಹೋಗುವುದು ಒಂದೂಕಾಲು ಗ್ರಾಂ ಆಸುಪಾಸು. ಇದಕ್ಕಿಂತ ದೊಡ್ಡ ನಷ್ಟ ನೀರು ಆರುವಾಗ ಆಗುವುದು. ಆದ್ದರಿಂದ ಅಂಚು ಹೆರೆದು, ಒಣಗಿಸಿ, ಆಮೇಲೆ ತೂಗಿ, ಆ ತೂಕವನ್ನೇ ಪೊಟ್ಟಣದ ಮೇಲೆ ಬರೆಯಬೇಕು. ಹಸಿ ತೂಕ ಬರೆದು ಒಣ ಸಾಬೂನು ಕೊಡುವುದು ನೆರೆಯವನಿಗೆ ಮಾಡುವ ಮೋಸ.

ನಷ್ಟವೇನಾದರೂ ಇದ್ದರೆ ಅದು ಸಮಯದ್ದು. ಒಂದು ಬಿಲ್ಲೆಗೆ ಎರಡು ನಿಮಿಷವೆಂದರೆ ನೂರಕ್ಕೆ ಮೂರು ಗಂಟೆಗೂ ಮೇಲಾಯಿತು. ಮನೆಗೆಲಸ, ಹಟ್ಟಿಯ ಕೆಲಸ ಮುಗಿಸಿ ಈ ಕೆಲಸಕ್ಕೆ ಕೂರುವವರು ನಮ್ಮ ತಾಯಂದಿರು, ಅಕ್ಕತಂಗಿಯರು. ಎಣ್ಣೆ, ಸೋಡಾ, ಕಾಗದಕ್ಕೆ ಲೆಕ್ಕವಿಟ್ಟು ಅವರ ದುಡಿಮೆಗೆ ಮಾತ್ರ ಲೆಕ್ಕವಿಡದಿರುವುದು ನ್ಯಾಯವಲ್ಲ. ಆ ಕೂಲಿ ಬೆಲೆಯಲ್ಲಿ ಸೇರಲೇಬೇಕು. ಅಂದವಾದ ಬಿಲ್ಲೆಗೆ ಎರಡು ರೂಪಾಯಿ ಹೆಚ್ಚು ಕೇಳಲು ಸಂಕೋಚ ಬೇಡ. ಕೊಳ್ಳುವ ನಾವೂ ಚೌಕಾಶಿ ಮಾಡುವುದು ಬೇಡ.

ಒಂದು ಎಚ್ಚರಿಕೆ. ಅಂಚು ಹೆರೆದ ಮಾತ್ರಕ್ಕೆ ಕೆಟ್ಟ ಸಾಬೂನು ಒಳ್ಳೆಯದಾಗದು. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಹಿಡಿಯುತ್ತದೆ. ಮೈಗೆ ಹಚ್ಚುವುದಕ್ಕೆ ಅದಕ್ಕಿಂತ ಕಡಿಮೆ ಹಾಕಬೇಕು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಕೂಡದು, ಮಕ್ಕಳು ಹತ್ತಿರ ಇರಕೂಡದು. ಮಾರುವುದಾದರೆ ಪರವಾನಗಿಯೂ ಬೇಕು.

ಕೊಳ್ಳುವವರ ಕನಿಕರದಿಂದ ಒಂದು ಬಿಲ್ಲೆ ಹೋದೀತು, ಎರಡನೆಯದು ಹೋಗುವುದು ಕೆಲಸದ ಅಚ್ಚುಕಟ್ಟಿನಿಂದ. ಮುಂದಿನ ಸಲ ಸಾಬೂನು ತುಂಡರಿಸುವಾಗ ಪೀಲರು ಪಕ್ಕದಲ್ಲಿರಲಿ.