ಫ್ಯಾಕ್ಟರಿ ಬಂತು, ಕೆಮಿಸ್ಟ್ರಿ ಎಲ್ಲಿ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಮನೆಗಳಲ್ಲಿ ಬೇರೆ ಮಾತೇ ಇರೋದಿಲ್ಲ. ಎಂಬತ್ತೈದು ದಾಟಿದರೆ ಸೈನ್ಸು, ಅರವತ್ತರ ಆಸುಪಾಸಿದ್ದರೆ ಕಾಮರ್ಸು, ಅದಕ್ಕೂ ಕೆಳಗಾದರೆ ಆರ್ಟ್ಸು. ಹೀಗೆ ಅಂಕಪಟ್ಟಿಯೇ ತೀರ್ಪು ಕೊಟ್ಟುಬಿಡುತ್ತದೆ. ಮಗಳಾದರೆ ಇನ್ನೊಂದು ಪ್ರಶ್ನೆ ಜೊತೆಗೆ ಬರುತ್ತದೆ: ‘ಕಾಲೇಜು ಎಷ್ಟು ದೂರ?’ ಈ ಎರಡು ಪ್ರಶ್ನೆಗಳಲ್ಲೇ ಹದಿನಾರು ವರ್ಷದ ಮಗುವಿನ ಮುಂದಿನ ದಾರಿ ತೀರ್ಮಾನವಾಗುತ್ತದೆ. ಇದರ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ, ಗೆಳತಿಯರೇ, ಯಾದಗಿರಿ ಜಿಲ್ಲೆಯ ಕಡೇಚೂರನ್ನು ನೋಡಬೇಕು.

ಸೈದಾಪುರದ ಹತ್ತಿರದ ಊರು ಇದು. ತೆಲಂಗಾಣದ ಗಡಿಯೂ ದೂರವಿಲ್ಲ. ಇಲ್ಲಿ ಮತ್ತು ಪಕ್ಕದ ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಹೋಯಿತು. ರೈಲ್ವೆ ಬೋಗಿ ಕಾರ್ಖಾನೆ ಬಂತು. ಆಮೇಲೆ ಕೆಮಿಕಲ್ ಮತ್ತು ಔಷಧ ತಯಾರಿಸುವ ಫ್ಯಾಕ್ಟರಿಗಳು ಒಂದೊಂದಾಗಿ ಬಂದವು. ಈಗ ಅಲ್ಲಿಯ ಜನರದು ಎರಡು ದೂರು. ಒಂದು, ಕೆಟ್ಟ ವಾಸನೆ. ಇದು ಪೇಪರಿನಲ್ಲಿ ಆಗಾಗ ಬರುತ್ತಲೇ ಇದೆ. ಇನ್ನೊಂದು, ಹೊಲ ಕೊಟ್ಟವರ ಮಕ್ಕಳಿಗೆ ಸಿಗೋದು ಲೋಡಿಂಗು, ಕಸ ಗುಡಿಸೋದು, ಗೇಟು ಕಾಯೋದು. ಒಳಗಿನ ಕೆಲಸಕ್ಕೆ ಹೊರಗಿನವರು ಬರುತ್ತಾರೆ ಅನ್ನೋದು.

ಕಂಪನಿಯವರನ್ನು ಬೈಯೋದು ಸುಲಭ, ಬೈಯಬೇಕಾದ ಕಡೆ ಬೈಯಲೂಬೇಕು. ಆದರೆ ಒಳಗಿನ ಕೆಲಸ ಅಂದರೇನು? ಔಷಧ ತಯಾರಿಕೆಯ ಉಸ್ತುವಾರಿಗೆ ಫಾರ್ಮಸಿ ಪದವಿ, ಇಲ್ಲವೇ ಕೆಮಿಸ್ಟ್ರಿ ಮುಖ್ಯ ವಿಷಯವಾಗಿ ಓದಿದ ವಿಜ್ಞಾನ ಪದವಿಯಂಥ ಓದು ಇರಬೇಕು ಅಂತ ಕಾನೂನೇ ಹೇಳುತ್ತದೆ. ಲ್ಯಾಬಿನಲ್ಲಿ ಸ್ಯಾಂಪಲ್ ಪರೀಕ್ಷೆ ಮಾಡೋರಿಗೂ ಅದೇ ಓದು ಬೇಕು. ಪಿಯುಸಿಯಲ್ಲಿ ಕೆಮಿಸ್ಟ್ರಿ ತಗೊಳ್ಳದ ಹುಡುಗಿ ಆ ಬಾಗಿಲಿಗೆ ಬರುವ ಹಾಗೇ ಇಲ್ಲ. ಅವಳ ಅರ್ಜಿ ತಿರಸ್ಕಾರವಾದದ್ದು ಫ್ಯಾಕ್ಟರಿ ಗೇಟಿನಲ್ಲಿ ಅಲ್ಲ. ಐದು ವರ್ಷ ಹಿಂದೆ, ‘ಹುಡುಗಿಗ್ಯಾಕ ಸೈನ್ಸು, ಆರ್ಟ್ಸ್ ಮಾಡಲಿ ಬಿಡ್ರಿ’ ಅಂದ ದಿನ.

ಹಾಗೆ ಅನ್ನಲು ಕಾರಣಗಳಿವೆ, ತಾಯಂದಿರ ತಪ್ಪು ಅಂತ ನಾನು ಹೇಳುವುದಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇ 50.59, ರಾಜ್ಯಕ್ಕೇ ಕೊನೆ. 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ಉಡುಪಿ ಶೇ 93.90 ತಗೊಂಡರೆ ಯಾದಗಿರಿ ಶೇ 48.45, ಮತ್ತೆ ಕೊನೆ. ಉಡುಪಿಯ ಮಕ್ಕಳ ತಲೆಯಲ್ಲಿ ಬೇರೆ ಮಿದುಳಿದೆಯೇನ್ರೀ? ಹಳ್ಳಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರು ಇಲ್ಲದೆ ವರ್ಷ ಕಳೆದರೆ, ಪಿಯು ಕಾಲೇಜಿನಲ್ಲಿ ಸೈನ್ಸ್ ವಿಭಾಗವೇ ಇಲ್ಲದಿದ್ದರೆ, ಇದ್ದರೂ ಬಸ್ಸು ಸಂಜೆ ಹೊತ್ತು ಮುಳುಗಿದ ಮೇಲೆ ಬಂದರೆ ಯಾವ ತಾಯಿ ತಾನೇ ಕಳಿಸಿಯಾಳು? ಜಮೀನು ಸ್ವಾಧೀನಕ್ಕೆ ತೋರಿಸಿದ ಅವಸರದಲ್ಲಿ ಕಾಲು ಭಾಗವನ್ನು ಸೈನ್ಸ್ ಕಾಲೇಜಿಗೆ, ಹುಡುಗಿಯರ ಹಾಸ್ಟೆಲಿಗೆ ತೋರಿಸಿದ್ದರೆ ಇವತ್ತಿನ ಮಾತೇ ಬೇರೆ ಇರುತ್ತಿತ್ತು. ಫ್ಯಾಕ್ಟರಿಯ ವಾಸನೆ ಏನು, ಬೋರ್‌ವೆಲ್ ನೀರಿನಲ್ಲಿ ಏನು ಸೇರಿದೆ ಅಂತ ಅಳೆದು ಕೇಳೋಕೂ ಊರಿಗೆ ಕೆಮಿಸ್ಟ್ರಿ ಓದಿದ ನಾಲ್ಕು ಮಂದಿ ಬೇಕಲ್ಲವೇ?

ಈಗ ನಮ್ಮ ಮನೆಗಳಿಗೆ ಬರೋಣ. ಸೈನ್ಸ್ ಅಂದರೆ ಡಾಕ್ಟರ್ ಇಲ್ಲವೇ ಎಂಜಿನಿಯರ್ ಅನ್ನೋ ಲೆಕ್ಕ ಮೊದಲು ಬಿಡಿ. ಪಿಸಿಎಂಬಿ ತಗೊಂಡರೆ ಸಿಇಟಿ, ನೀಟ್ ಎರಡೂ ಬಾಗಿಲು ತೆರೆದೇ ಇರುತ್ತವೆ. ಬಯಾಲಜಿ ಬಿಟ್ಟು ಕಂಪ್ಯೂಟರ್ ತಗೊಂಡರೆ ಮೆಡಿಕಲ್ ಮಾತ್ರ ಅಲ್ಲ, ಬಿಎಸ್ಸಿ ನರ್ಸಿಂಗೂ ಕೃಷಿ ಪದವಿಯೂ ಹೋಯಿತು. ಫಾರ್ಮಸಿಗೆ ಮಾತ್ರ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಬಯಾಲಜಿ ಅಥವಾ ಗಣಿತ ಯಾವುದಾದರೂ ನಡೆಯುತ್ತದೆ. ಮಗಳಿಗೆ ಇನ್ನೂ ಏನೂ ನಿಶ್ಚಯವಿಲ್ಲ ಅಂದರೆ ನನ್ನ ಮಟ್ಟಿಗೆ ಪಿಸಿಎಂಬಿಯೇ ಸರಿ. ಹೊರೆ ಜಾಸ್ತಿ, ನಿಜ. ಆದರೆ ಎರಡು ವರ್ಷದ ಹೊರೆ.

ಪಿಯುಸಿ ಬೇಡವೇ? ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಅಂದರೆ ಮೂಗು ಮುರಿಯುತ್ತೇವೆ. ಅಲ್ಲಿ ಕೆಮಿಕಲ್ ಪ್ಲಾಂಟ್ ಆಪರೇಟರ್, ಲ್ಯಾಬ್ ಅಸಿಸ್ಟೆಂಟ್ ಅನ್ನೋ ಕೋರ್ಸುಗಳೂ ಇವೆ ಅಂತ ಎಷ್ಟು ಮಂದಿಗೆ ಗೊತ್ತು? ಎಲ್ಲ ಐಟಿಐಗಳಲ್ಲಿ ಇರೋದಿಲ್ಲ, ವಿಚಾರಿಸಿಯೇ ಅರ್ಜಿ ಹಾಕಬೇಕು. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೂ ದಾರಿ ಇದೆ. ಪಿಯುಸಿಯಲ್ಲಿ ಒಂದು ಸಬ್ಜೆಕ್ಟ್ ಹೋಯಿತು ಅಂತ ಮಗಳ ಓದು ನಿಲ್ಲಿಸಿ ಮದುವೆ ಮಾತೆತ್ತುವವರಿಗೂ ಒಂದು ಮಾತು: 2024ರಿಂದ ಸಪ್ಲಿಮೆಂಟರಿ ಅನ್ನೋದೇ ಹೋಗಿದೆ. ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ನೀಟನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು.

ಎಲ್ಲಕ್ಕಿಂತ ನಾವು ಉದಾಸೀನ ಮಾಡೋದು ಕಾಗದಪತ್ರಗಳನ್ನು. ನಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ 371(ಜೆ) ಕಲಮು ಬಂದದ್ದು 98ನೇ ತಿದ್ದುಪಡಿಯಿಂದ. 2013ರಿಂದ ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿಯವರಿಗೆ, ರಾಜ್ಯದ ಉಳಿದ ಕಡೆ ಶೇ 8. ಯಾದಗಿರಿಯಲ್ಲೇ 2022ರಲ್ಲಿ 150 ಸೀಟಿನ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಗಿದೆ. ಆದರೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪತ್ರ ಕೈಯಲ್ಲಿಲ್ಲದಿದ್ದರೆ ಬೀದರಿನಲ್ಲಿ ಹುಟ್ಟಿದವಳೂ ಒಂದೇ, ಮೈಸೂರಿನಲ್ಲಿ ಹುಟ್ಟಿದವಳೂ ಒಂದೇ. ನಾವು ಬೆಂಗಳೂರಿಗೆ ಬಂದು ನೆಲೆಸಿದ್ದೇವೆ, ನಮಗದು ಸಿಗಲಿಕ್ಕಿಲ್ಲ ಅಂತ ಸುಮ್ಮನೆ ಕೂರಬೇಡಿ. ತಂದೆ ತಾಯಿ ಆ ಭಾಗದವರಾದರೆ ಮಕ್ಕಳಿಗೂ ಅವಕಾಶವಿದೆ, ಊರಿನ ದಾಖಲೆ ಹಿಡಿದು ವಿಚಾರಿಸಿ.

ಇದು ನಿಮ್ಮ ಮಕ್ಕಳ ಮಾತಾಯಿತು. ನಿಮ್ಮ ಮನೆಕೆಲಸಕ್ಕೆ ಬರುವಾಕೆಯ ಮಗಳು ಊರಲ್ಲಿ ಅಜ್ಜಿ ಹತ್ತಿರ ಇದ್ದು ಸರ್ಕಾರಿ ಶಾಲೆಗೆ ಹೋಗುತ್ತಿರಬಹುದು. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿದೆ. ‘ಎಂಟನೇ ಕ್ಲಾಸಿಗೆ ಸಿಟಿಗೆ ಕರಕೊಂಡು ಬರ್ತೀನ್ರಿ ಅಕ್ಕಾ’ ಅಂತ ಆಕೆ ಅಂದರೆ ಈ ವಿಷಯ ಮೊದಲು ತಿಳಿಸಿ. ಮೂರು ವರ್ಷದ ಸಿಟಿ ಓದಿಗೆ ಆ ಶೇ 15 ಕೈಬಿಟ್ಟು ಹೋಗುತ್ತದೆ. ಹಾಗಂತ ಮೇಷ್ಟ್ರಿಲ್ಲದ ಶಾಲೆಯಲ್ಲೇ ಬಿಡಿ ಅಂತ ನಾನು ಹೇಳಲಾರೆ. ಗೊತ್ತಿದ್ದು ಆರಿಸಿಕೊಳ್ಳಲಿ, ಅಷ್ಟೇ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು.

ಇನ್ನೊಂದು ಹೇಳಿಬಿಡುತ್ತೇನೆ, ಬಹಳ ಜನ ಕೇಳಿಯೇ ಇಲ್ಲ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾ ಬೇರೆಯೇ ಇದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ: ಕಾಳು, ಬೀಜ, ಗೊಬ್ಬರ, ಹೊಲದ ಸಾಮಾನು ಮುಂದಿಟ್ಟು ಇದೇನು ಅಂತ ಕೇಳುತ್ತಾರೆ. ರಜೆಯಲ್ಲಿ ಅವ್ವನ ಜೊತೆ ತೊಗರಿ ಹೊಲದಲ್ಲಿ ಕಳೆ ತೆಗೆದ ಹುಡುಗಿಗೆ ಅದು ಕಷ್ಟವೇ? ದಾಖಲೆಗಳನ್ನು ಈಗಲೇ ಜೋಡಿಸಿಡಲು ಹೇಳಿ, ಸಿಇಟಿ ಅರ್ಜಿ ಹಾಕುವ ದಿನ ಬಂದ ಮೇಲೆ ತಹಸೀಲ್ದಾರ್ ಕಚೇರಿಯ ಮುಂದೆ ಸಾಲು ಬಲು ಉದ್ದ ಇರುತ್ತದೆ.